ಒಂದೇ ಪರದೆ, ನಾಲ್ವರು ಆಟಗಾರರು: ಒಂದು ತಕರಾರು

‘ಪುಸ್ತಕ’ ಎಂಬ ಒಂದೇ ಶಬ್ದದೊಳಗೆ ಭಗವದ್ಗೀತೆಯೂ ಇದೆ, ರೈಲ್ವೆ ವೇಳಾಪಟ್ಟಿಯೂ ಇದೆ, ಬಸ್ ನಿಲ್ದಾಣದಲ್ಲಿ ಹಳದಿ ಕಾಗದ ಸುತ್ತಿ ಮಾರುವ ಹೊಲಸು ಕಥೆಗಳೂ ಇವೆ. ಮೂರನೆಯದನ್ನು ಕಂಡು ರೇಗಿದವರು ಯಾರೂ ಮನೆಯ ಕಪಾಟಿನಲ್ಲಿರುವ ಪುಸ್ತಕಗಳನ್ನೆಲ್ಲ ಬಾವಿಗೆ ಎಸೆಯುವುದಿಲ್ಲ. ಆದರೆ ‘ವಿಡಿಯೋ ಗೇಮ್’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಓದು ಬರಹ ಬಲ್ಲವರೂ ವಿವೇಚನೆಯನ್ನು ಬದಿಗಿಟ್ಟುಬಿಡುತ್ತಾರೆ. ಹಣ ಕಟ್ಟಿ ಆಡುವ ಜೂಜು, ಕೋಣೆಯ ಬಾಗಿಲು ಹಾಕಿಕೊಂಡು ಅಪರಿಚಿತರೊಡನೆ ಆಡುವ ಗುಂಡಿನ ಕಾಳಗ, ಅಜ್ಜಿಯೂ ಮೊಮ್ಮಗನೂ ಒಂದೇ ಚಾಪೆಯ ಮೇಲೆ ಕುಳಿತು ಆಡುವ ವಿನೋದದ ಆಟ, ಈ ಮೂರೂ ಅವರಿಗೆ ಒಂದೇ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವ ಈ ನ್ಯಾಯವನ್ನು ನಾನು ಒಪ್ಪಲಾರೆ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಬರುವ ಬೇಸಿಗೆಯಲ್ಲಿ ನಮ್ಮ ಬಂಧುವರ್ಗವೆಲ್ಲ ಊರಿನ ಹಳೆಯ ಮನೆಯಲ್ಲಿ ಒಂದು ವಾರ ಸೇರುವುದೆಂದು ನಿಶ್ಚಯವಾಗಿದೆ. ಅದರ ಸಿದ್ಧತೆಯ ಮಾತುಕತೆಯಲ್ಲಿ ಹಿರಿಯರೊಬ್ಬರು, ಮಕ್ಕಳು ಯಾರೂ ವಿಡಿಯೋ ಗೇಮ್ ಯಂತ್ರಗಳನ್ನು ತರಕೂಡದು, ತಂದರೆ ವಾರವಿಡೀ ಅವನ್ನು ಅಟ್ಟದ ಮೇಲೆ ಇಡಲಾಗುವುದು ಎಂಬ ನಿಯಮವನ್ನು ಮುಂದಿಟ್ಟರು. ಬಹುಮಂದಿ ತಲೆದೂಗಿದರು. ಅವರ ಮೇಲೆ ನನಗಿರುವ ಗೌರವಕ್ಕೆ ಕುಂದಿಲ್ಲ. ಆದರೆ ಈ ನಿಯಮ ತಪ್ಪು. ಏಕೆ ತಪ್ಪು ಎಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳ ಸಮಕ್ಷಮದಲ್ಲಿಯೇ ವಿವರಿಸಬಯಸುತ್ತೇನೆ. ಅವರಲ್ಲಿ ಅನೇಕರು ಇಂದು ತಂದೆತಾಯಿಗಳಾಗಿದ್ದಾರೆ. ಇದೇ ಪ್ರಶ್ನೆ ಅವರ ಮನೆಗಳಲ್ಲಿಯೂ ಇದೆ.

ಮೊದಲು, ನಾನು ಯಾವ ಆಟದ ಪರವಾಗಿ ವಾದಿಸುತ್ತಿದ್ದೇನೆ ಎಂಬುದನ್ನು ಸ್ಪಷ್ಟಪಡಿಸಬೇಕು. ಅದರ ಹೆಸರು ‘ಮಾರಿಯೋ ಪಾರ್ಟಿ’. ಜಪಾನಿನ ನಿಂಟೆಂಡೊ ಸಂಸ್ಥೆಯ ‘ನಿಂಟೆಂಡೊ 64’ ಎಂಬ ಯಂತ್ರಕ್ಕಾಗಿ ಹಡ್ಸನ್ ಸಾಫ್ಟ್ ಎಂಬ ಸಂಸ್ಥೆ ತಯಾರಿಸಿದ ಈ ಆಟವು 1998ರ ಡಿಸೆಂಬರಿನಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಹೊರಬಂದಿತು. ನಿಂಟೆಂಡೊ ಹುಟ್ಟಿದ್ದು ಇಲೆಕ್ಟ್ರಾನಿಕ್ ಯುಗದಲ್ಲಲ್ಲ. 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳುಳ್ಳ ‘ಹನಾಫುದ’ ಎಂಬ ಇಸ್ಪೀಟು ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಅದು ಆರಂಭವಾಯಿತು. ನಾಲ್ಕು ಜನ ಸುತ್ತ ಕುಳಿತು ಆಡುವುದೆಂದರೇನು ಎಂಬುದು ಆ ಮನೆತನಕ್ಕೆ ನೂರು ವರ್ಷಗಳಿಂದ ಗೊತ್ತಿದ್ದ ವಿದ್ಯೆ. 1996ರಲ್ಲಿ ಬಂದ ‘ನಿಂಟೆಂಡೊ 64’ ಯಂತ್ರದ ಮುಖದ ಮೇಲೆ ಸಾಲಾಗಿ ನಾಲ್ಕು ರಂಧ್ರಗಳಿದ್ದವು. ನಾಲ್ಕು ಕೈಗಳಿಗೆ ನಾಲ್ಕು ಹಿಡಿಕೆ, ನಾಲ್ಕು ತಂತಿ. ಆ ತಂತಿಯ ಉದ್ದವೇ ಆಟಗಾರರ ನಡುವಿನ ಅಂತರವನ್ನು ನಿರ್ಧರಿಸುತ್ತಿತ್ತು. ದೂರ ಹೋಗಿ ಕೂರಲು ಸಾಧ್ಯವೇ ಇರಲಿಲ್ಲ.

ಆಟದ ಕ್ರಮ ಹೀಗಿದೆ. ಪರದೆಯ ಮೇಲೆ ಮನೆಗಳಿರುವ ಒಂದು ಹಾಸು. ನಾಲ್ವರು ಸರದಿಯಂತೆ ದಾಳ ಹಾಕುತ್ತಾರೆ. ದಾಳದಲ್ಲಿ ಒಂದರಿಂದ ಹತ್ತರವರೆಗೆ ಅಂಕಿಗಳು. ನೀಲಿ ಮನೆಗೆ ಬಂದರೆ ಮೂರು ನಾಣ್ಯ ಲಾಭ, ಕೆಂಪು ಮನೆಗೆ ಬಂದರೆ ಮೂರು ನಾಣ್ಯ ನಷ್ಟ. ಇಪ್ಪತ್ತು ನಾಣ್ಯ ಕೊಟ್ಟರೆ ಒಂದು ನಕ್ಷತ್ರ. ಕೊನೆಗೆ ಯಾರ ಬಳಿ ಹೆಚ್ಚು ನಕ್ಷತ್ರವೋ ಅವರಿಗೆ ಗೆಲುವು. ಪ್ರತಿ ಸುತ್ತಿನ ನಂತರ ಎಲ್ಲರೂ ಸೇರಿ ಒಂದು ನಿಮಿಷದೊಳಗೆ ಮುಗಿಯುವ ಪುಟ್ಟ ಆಟವೊಂದನ್ನು ಆಡಬೇಕು. ಅಂಥವು ಐವತ್ತಕ್ಕೂ ಹೆಚ್ಚಿವೆ. ಇವುಗಳಲ್ಲಿ ಪಕ್ಷಗಳು ಸ್ಥಿರವಲ್ಲ. ಯಾರು ಯಾವ ಬಣ್ಣದ ಮನೆಯ ಮೇಲೆ ನಿಂತಿದ್ದಾರೆ ಎಂಬುದರ ಮೇಲೆ ಒಮ್ಮೆ ಎಲ್ಲರೂ ಎಲ್ಲರಿಗೂ ಎದುರಾಳಿ. ಇನ್ನೊಮ್ಮೆ ಇಬ್ಬರಿಗೆ ಇಬ್ಬರು. ಮತ್ತೊಮ್ಮೆ ಒಬ್ಬನಿಗೆದುರಾಗಿ ಮೂವರು. ಈ ನಿಮಿಷದ ಶತ್ರು ಮುಂದಿನ ನಿಮಿಷದ ಜೊತೆಗಾರ.

ಇದನ್ನು ಓದುತ್ತಿರುವಾಗ ನಿಮಗೆ ಯಾವುದೋ ಹಳೆಯ ಪರಿಚಯದ ನೆನಪಾಗಲಿಲ್ಲವೇ? ಹಾಸು, ಮನೆ, ದಾಳ, ಸರದಿ, ನಾಲ್ವರು. ಇದು ಪಗಡೆಯ ವಂಶ. ನಮ್ಮ ಪಚ್ಚೀಸಿಯನ್ನು ಸರಳಗೊಳಿಸಿ ಇಂಗ್ಲೆಂಡಿನವರು 1896ರಲ್ಲಿ ಲೂಡೊ ಎಂಬ ಹೆಸರಿನಿಂದ ಪೇಟೆಂಟ್ ಪಡೆದರು; ಲೂಡೊವನ್ನು ನಾವು ಯಾರೂ ಪರದೇಶಿಯೆಂದು ದೂರವಿಡಲಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸಿನ ಆಟಗಳಲ್ಲಿ ಅಪಾರ ಆಸಕ್ತಿಯುಳ್ಳವರಾಗಿದ್ದು, ಸ್ವತಃ ಹೊಸ ಆಟಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ ಎಂಬ ಬೃಹದ್ಗ್ರಂಥದ ‘ಕೌತುಕನಿಧಿ’ ಭಾಗವು ಆಟಗಳಿಗೇ ಮೀಸಲಾದುದು. ಒಬ್ಬ ಅರಸನಿಗೆ ಆಟವು ಕಾಲಹರಣವೆನಿಸಲಿಲ್ಲ, ನಿಧಿಯೆನಿಸಿತು. ನಮ್ಮ ಹಿರಿಯರಿಗೆ ಮಾತ್ರ ಅದು ಅಟ್ಟಕ್ಕೆ ಹಾಕಬೇಕಾದ ವಸ್ತುವಾಯಿತು.

‘ಹಾಗಿದ್ದರೆ ಚೌಕಾಬಾರವನ್ನೇ ಆಡಲಿ, ಈ ಯಂತ್ರವೇಕೆ?’ ಎಂಬ ಮೊದಲನೆಯ ಆಕ್ಷೇಪ ಇಲ್ಲಿ ಬರುತ್ತದೆ. ಖಂಡಿತ ಆಡಲಿ. ಚೌಕಾಬಾರದ ಐದೈದರ ಇಪ್ಪತ್ತೈದು ಮನೆಗಳನ್ನು ಸೀಮೆಸುಣ್ಣದಲ್ಲಿ ಬರೆದು, ನಾಲ್ಕು ಕವಡೆಗಳಿಂದ ಹದಿನಾರು ಬಗೆಯ ಫಲಿತಾಂಶಗಳು ಹೇಗೆ ಬರುತ್ತವೆ, ಅವುಗಳಲ್ಲಿ ‘ಚೌಕ’ಕ್ಕೆ ಒಂದೇ, ‘ಬಾರ’ಕ್ಕೆ ಒಂದೇ, ಆದರೆ ‘ಎರಡ’ಕ್ಕೆ ಮಾತ್ರ ಆರು ಏಕೆ ಎಂಬುದನ್ನು ನಾನು ಒಂಬತ್ತನೆಯ ತರಗತಿಯ ಎಷ್ಟೋ ತಂಡಗಳಿಗೆ ಹೇಳಿಕೊಟ್ಟಿದ್ದೇನೆ. ಇದನ್ನು ಓದುತ್ತಿರುವ ಹಲವರಿಗೆ ಅದು ನೆನಪಿರಬಹುದು. ಆದರೆ ಒಂದು ಆಟವನ್ನು ಉಳಿಸಲು ಇನ್ನೊಂದನ್ನು ಕೊಲ್ಲಬೇಕಾಗಿಲ್ಲ. ಮಕ್ಕಳು ನಮ್ಮ ಆಟಕ್ಕೆ ಬರಬೇಕೆಂದು ಬಯಸುವವರು ಮೊದಲು ಮಕ್ಕಳ ಆಟಕ್ಕೆ ಹೋಗಬೇಕು. ಆತಿಥ್ಯ ಏಕಮುಖವಾದರೆ ಅದು ಆತಿಥ್ಯವಲ್ಲ, ಅಪ್ಪಣೆ.

ಎರಡನೆಯ ಆಕ್ಷೇಪ, ಇದರಲ್ಲಿ ಬುದ್ಧಿಗಿಂತ ಅದೃಷ್ಟವೇ ದೊಡ್ಡದು ಎಂಬುದು. ನಿಜ, ಈ ಆಟದಲ್ಲಿ ಅದೃಷ್ಟಕ್ಕೆ ದೊಡ್ಡ ಪಾಲಿದೆ. ಇಪ್ಪತ್ತು ಸುತ್ತಿನ ಆಟದಲ್ಲಿ ಒಬ್ಬನು ಸರಾಸರಿ ಸುತ್ತಿಗೆ ಐದೂವರೆಯಂತೆ ನೂರಹತ್ತು ಮನೆ ನಡೆಯುತ್ತಾನೆ. ಆದರೆ ಎಲ್ಲಿ ನಿಲ್ಲುತ್ತಾನೆ ಎಂಬುದು ಅವನ ಕೈಯಲ್ಲಿಲ್ಲ. ಮೇಲಾಗಿ, ಕೊನೆಯಲ್ಲಿ ಮೂರು ನಕ್ಷತ್ರಗಳನ್ನು ಹೆಚ್ಚುವರಿಯಾಗಿ ಹಂಚುತ್ತಾರೆ: ಪುಟ್ಟ ಆಟಗಳಲ್ಲಿ ಹೆಚ್ಚು ನಾಣ್ಯ ಗಳಿಸಿದವರಿಗೊಂದು, ಆಟದ ಅವಧಿಯಲ್ಲಿ ಎಲ್ಲರಿಗಿಂತ ಹೆಚ್ಚು ನಾಣ್ಯ ಒಟ್ಟುಮಾಡಿದ್ದವರಿಗೊಂದು, ಪ್ರಶ್ನಾರ್ಥಕ ಚಿಹ್ನೆಯ ಮನೆಗಳ ಮೇಲೆ ಹೆಚ್ಚು ಸಲ ನಿಂತವರಿಗೊಂದು. ಗೆದ್ದೆನೆಂದು ಎದ್ದು ನಿಂತವನು ಸೋತು ಕೂರುವುದುಂಟು.

ಇದು ದೋಷವಲ್ಲ, ಈ ಆಟದ ಔದಾರ್ಯ. ಶುದ್ಧ ಸಾಮರ್ಥ್ಯದ ಆಟದಲ್ಲಿ ಅರವತ್ತಾರರವನೂ ಒಂಬತ್ತರವಳೂ ಒಟ್ಟಿಗೆ ಕೂರಲಾರರು. ಚದುರಂಗದಲ್ಲಿ ನಾನು ಮೊಮ್ಮಗಳನ್ನು ಸೋಲಿಸುತ್ತೇನೆ. ವೇಗದ ಆಟಗಳಲ್ಲಿ ಅವಳು ನನ್ನನ್ನು ಸೋಲಿಸುತ್ತಾಳೆ. ಎರಡರಲ್ಲಿಯೂ ಎರಡನೆಯ ಸುತ್ತಿಗೆ ಯಾರೂ ಕೂರುವುದಿಲ್ಲ. ದಾಳವೆಂಬುದು ವಯಸ್ಸನ್ನು ಕೇಳದ ನ್ಯಾಯಾಧೀಶ. ಪುಟ್ಟ ಆಟಗಳಲ್ಲಿ ಎಳೆಯ ಬೆರಳುಗಳಿಗೆ ಮೇಲುಗೈ, ಯಾವಾಗ ನಾಣ್ಯ ಉಳಿಸಬೇಕು, ಯಾವ ಕವಲಿನಲ್ಲಿ ತಿರುಗಬೇಕು ಎಂಬುದರಲ್ಲಿ ಹಳೆಯ ತಲೆಗೆ ಮೇಲುಗೈ, ಉಳಿದುದು ದೈವಾಧೀನ. ಮೂರು ತಲೆಮಾರುಗಳನ್ನು ಸಮಾನ ಪಂಕ್ತಿಯಲ್ಲಿ ಕೂರಿಸಲು ಇದಕ್ಕಿಂತ ನ್ಯಾಯವಾದ ಏರ್ಪಾಡನ್ನು ಗಣಿತ ಕಲಿಸಿದ ನಾನು ಕಾಣೆ.

ಮೂರನೆಯ ಆಕ್ಷೇಪವನ್ನು ಹಿರಿಯರು ಮಹಾಭಾರತವನ್ನೇ ಮುಂದಿಟ್ಟು ಹೇಳಿದರು: ದಾಳದಿಂದಲೇ ಕುರುಕ್ಷೇತ್ರವಾಯಿತಲ್ಲವೇ ಎಂದು. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಮಡದಿಯನ್ನೂ ಕಳೆದುಕೊಂಡದ್ದು ಪಗಡೆ ಆಡಿದ್ದರಿಂದಲ್ಲ, ಪಣವೊಡ್ಡಿದ್ದರಿಂದ. ಪಣವಿಲ್ಲದ ದಾಳ ಆಟ. ಪಣವಿರುವ ದಾಳ ದ್ಯೂತ. ಈ ಭೇದವನ್ನು ನಮ್ಮ ದೇಶದ ಕಾನೂನೂ ಕಂಡುಕೊಂಡಿದೆ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣದ ಆಟಗಳನ್ನು ಒಂದು ಕಡೆಗೂ, ಇ-ಕ್ರೀಡೆ ಹಾಗೂ ಸಾಮಾಜಿಕ ವಿನೋದದ ಆಟಗಳನ್ನು ಇನ್ನೊಂದು ಕಡೆಗೂ ಇರಿಸಿ, ಮೊದಲನೆಯದನ್ನು ನಿಷೇಧಿಸಿ ಎರಡನೆಯದನ್ನು ಮಾನ್ಯ ಮಾಡಿತು. ದೆಹಲಿಯ ಸಂಸತ್ತಿಗೆ ಕಂಡ ವ್ಯತ್ಯಾಸ ನಮ್ಮ ಮನೆಯ ಪಡಸಾಲೆಗೆ ಕಾಣಬಾರದೇಕೆ?

ಕೈಗೆ, ಕಣ್ಣಿಗೆ ಅಪಾಯವೆಂಬ ನಾಲ್ಕನೆಯ ಆಕ್ಷೇಪದಲ್ಲಿ ಹುರುಳಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. 1998ರ ಆ ಮೊದಲ ಆಟದಲ್ಲಿ ಹಿಡಿಕೆಯ ನಡುವಿನ ಕಡ್ಡಿಯನ್ನು ಬಿರುಸಾಗಿ ತಿರುಗಿಸಬೇಕಾದ ಕೆಲವು ಪುಟ್ಟ ಆಟಗಳಿದ್ದವು. ಮಕ್ಕಳು ಬೆರಳು ಬಿಟ್ಟು ಅಂಗೈಯಿಂದಲೇ ಉಜ್ಜಿ ತಿರುಗಿಸಿ ಬೊಬ್ಬೆ, ಗಾಯ ಮಾಡಿಕೊಂಡರು. ದೂರುಗಳು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರ ಕಚೇರಿಗೆ ಹೋಗಿ, 2000ದಲ್ಲಿ ಆದ ಒಪ್ಪಂದದಂತೆ ಸಂಸ್ಥೆಯು ಮಕ್ಕಳಿಗೆ ಕೈಗವಸುಗಳನ್ನು ಕೊಡಲು ಒಪ್ಪಿತು. ಎರಡನೆಯ ಭಾಗದಲ್ಲಿ ಅಂಥ ಆಟಗಳನ್ನೇ ಕೈಬಿಟ್ಟರು. ಈ ಪ್ರಕರಣದಿಂದ ನಾನು ಕಲಿಯುವ ಪಾಠವಿಷ್ಟೇ: ದೋಷವಿದ್ದರೆ ದೋಷವನ್ನು ತಿದ್ದಬೇಕು. ಕಬಡ್ಡಿಯಲ್ಲಿ ಮೊಣಕಾಲು ತರಚುತ್ತದೆಂದು ನಾವು ಶಾಲೆಯ ಮೈದಾನಕ್ಕೆ ಬೀಗ ಹಾಕಲಿಲ್ಲ. ಅಯೋಡಿನ್ ಸೀಸೆಯನ್ನು ಹತ್ತಿರವಿಟ್ಟುಕೊಂಡೆವು.

ಇನ್ನು ನನ್ನ ಅನುಭವದ ಮಾತು. ನನ್ನ ಮಗನು ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ ಈ ಹಳೆಯ ಯಂತ್ರವೊಂದನ್ನು ಅಗ್ಗಕ್ಕೆ ಕೊಂಡಿದ್ದನು. ಅದು ಇಂದಿಗೂ ಅವನ ಮನೆಯ ನೆಲಮಾಳಿಗೆಯಲ್ಲಿ, ಒಂದು ಹಳೆಯ ದಪ್ಪ ಟಿವಿಗೆ ತಗುಲಿಕೊಂಡು ಬದುಕಿದೆ. ನಾವು ಅಲ್ಲಿಗೆ ಹೋದಾಗಲೆಲ್ಲ ರಾತ್ರಿ ಊಟವಾದ ಮೇಲೆ ನಾನು, ನನ್ನ ಶ್ರೀಮತಿ, ಮೊಮ್ಮಗ, ಮೊಮ್ಮಗಳು ಒಂದು ಆಟ ಆಡುತ್ತೇವೆ. ಆಟದಲ್ಲಿ ಒಂದು ಭೂತವಿದೆ. ಅದಕ್ಕೆ ಐವತ್ತು ನಾಣ್ಯ ಕೊಟ್ಟರೆ ಬೇರೊಬ್ಬರ ನಕ್ಷತ್ರವನ್ನು ಕದ್ದು ತಂದುಕೊಡುತ್ತದೆ. ನಲವತ್ತೆರಡು ವರ್ಷ ನನ್ನೊಡನೆ ಸಂಸಾರ ಮಾಡಿ ಒಂದು ಪೈಸೆ ವ್ಯರ್ಥ ಮಾಡದ ಗೃಹಿಣಿಯು ಅಲ್ಲಿ ನಾಣ್ಯ ಕೂಡಿಟ್ಟು, ಕೊನೆಯ ಸುತ್ತಿನಲ್ಲಿ ನನ್ನ ನಕ್ಷತ್ರವನ್ನೇ ಕದಿಸಿದಳು. ಮೊಮ್ಮಗಳು ‘ಅಜ್ಜಿ ಕಳ್ಳಿ!’ ಎಂದು ಕಿರುಚಿದಳು. ಕನ್ನಡದಲ್ಲಿ.

ಇದನ್ನು ನೀವು ಲಘುವಾಗಿ ಕಾಣಬಾರದು. ಆ ಮಕ್ಕಳ ಕನ್ನಡವೆಂದರೆ ಭಾನುವಾರದ ವಿಡಿಯೋ ಕರೆಯಲ್ಲಿ ‘ಊಟ ಆಯ್ತಾ’, ‘ಚೆನ್ನಾಗಿದ್ದೀನಿ’ ಎಂಬ ಎರಡು ವಾಕ್ಯಗಳು. ಕಲಿಸಲು ಪುಸ್ತಕ ಕಳುಹಿಸಿದೆವು, ಕಾಗುಣಿತದ ಪಟ ಕಳುಹಿಸಿದೆವು. ಪಟ ಗೋಡೆಯ ಮೇಲಿದೆ, ನಾಲಿಗೆಯ ಮೇಲಿಲ್ಲ. ಆದರೆ ಮೂರು ವಾರಗಳ ಆಟದಲ್ಲಿ ‘ನನ್ನ ಸರದಿ’, ‘ಮೋಸ ಮೋಸ’, ‘ಇದೊಂದು ಸಲ ಬಿಟ್ಟುಬಿಡು’, ‘ನೋಡ್ಕೋ ಈಗ’, ‘ಇನ್ನೊಂದೇ ಒಂದು ಆಟ’ ಎಂಬ ಮಾತುಗಳು ತಾವಾಗಿಯೇ ಬಂದವು. ನನ್ನ ಶ್ರೀಮತಿಗೆ ಇಂಗ್ಲಿಷ್ ಬಾರದು. ಅವಳೊಡನೆ ಜಗಳವಾಡಬೇಕಾದರೆ, ಜೊತೆಗಾರಳಾಗಿ ಬಂದಾಗ ಅವಳಿಗೆ ಯಾವ ಗುಂಡಿ ಒತ್ತಬೇಕೆಂದು ಹೇಳಬೇಕಾದರೆ, ಕನ್ನಡವಲ್ಲದೆ ಗತಿಯಿಲ್ಲ. ಒಂದು ಭಾಷೆಯಲ್ಲಿ ಕುಶಲ ಕೇಳುವುದು ಶಿಷ್ಟಾಚಾರ, ಜಗಳವಾಡುವುದು ಬಳಕೆ. ಬಳಕೆಯಿಲ್ಲದ ಭಾಷೆ ಮೊಮ್ಮಕ್ಕಳಲ್ಲಿ ಉಳಿಯುವುದಿಲ್ಲ.

ಒಂದು ಸರಳ ಲೆಕ್ಕ ಹಾಕೋಣ. ನಮ್ಮ ಭೇಟಿ ಎರಡು ವರ್ಷಕ್ಕೊಮ್ಮೆ, ಮೂರು ವಾರ. ನನಗೆ ಈಗ ಅರವತ್ತಾರು. ಎಂಬತ್ತರವರೆಗೆ ಆರೋಗ್ಯ ಕೈಕೊಡದಿದ್ದರೆ ಇನ್ನು ಏಳು ಭೇಟಿ, ಏಳು ಮೂರಲ ಇಪ್ಪತ್ತೊಂದು ವಾರ, ನೂರನಲವತ್ತೇಳು ದಿನ. ಅರ್ಧ ವರ್ಷವೂ ಅಲ್ಲ. ನಮ್ಮಂತೆಯೇ ಲೆಕ್ಕ ಹಾಕಬೇಕಾದ ಅಜ್ಜ ಅಜ್ಜಿಯರು ಈಗ ಕರ್ನಾಟಕದ ಊರೂರುಗಳಲ್ಲಿದ್ದಾರೆ. ಅಂಥ ದಿನಗಳಲ್ಲಿ ಒಂದು ವಾರ ಹಳೆಯ ಮನೆಯಲ್ಲಿ ಕಳೆಯುತ್ತಿರುವಾಗ, ಮೊಮ್ಮಕ್ಕಳು ಮತ್ತು ನಾವು ಸಮಾನರಾಗಿ ಕೂರುವ ಏಕೈಕ ಜಗಲಿಯನ್ನು ಅಟ್ಟಕ್ಕೆ ಹಾಕುವುದು ಯಾವ ಸಂಸ್ಕೃತಿಯ ರಕ್ಷಣೆ?

ಹಾಗೆಂದು ನಾನು ಎಲ್ಲ ವಿಡಿಯೋ ಗೇಮ್‌ಗಳ ವಕೀಲನಲ್ಲ. ನನ್ನ ಕೋಪ ಬೇರೆಡೆಗಿದೆ, ಹಿರಿಯರ ಕೋಪವೂ ಅಲ್ಲಿಗೇ ಹೋಗಬೇಕಾಗಿತ್ತು. ಆಟದ ಉದ್ಯಮವು ಕ್ರಮೇಣ ಆಟಗಾರರನ್ನು ಒಂದೇ ಕೋಣೆಯಿಂದ ಎಬ್ಬಿಸಿ ಬೇರೆ ಬೇರೆ ಕೋಣೆಗಳಿಗೆ ಕಳುಹಿಸಿತು. ಒಂದೇ ಪರದೆಯನ್ನು ಹಂಚಿಕೊಂಡು ಆಡುವುದಕ್ಕೆ ಹೆಸರಾಗಿದ್ದ ‘ಹೇಲೋ’ ಸರಣಿಯ ಐದನೆಯ ಭಾಗ 2015ರಲ್ಲಿ ಬಂದಾಗ ಅದರಲ್ಲಿ ಪರದೆ ಹಂಚಿಕೊಳ್ಳುವ ಸೌಲಭ್ಯವೇ ಇರಲಿಲ್ಲ, ಅಭಿಮಾನಿಗಳೇ ಪ್ರತಿಭಟಿಸಿದರು. ನಾಲ್ವರು ಒಂದು ಪೆಟ್ಟಿಗೆ ಕೊಂಡು ಒಟ್ಟಿಗೆ ಆಡುವುದಕ್ಕಿಂತ, ನಾಲ್ವರು ನಾಲ್ಕು ಪೆಟ್ಟಿಗೆ ಕೊಂಡು ನಾಲ್ಕು ಮನೆಗಳಲ್ಲಿ ಕುಳಿತು ಆಡಿದರೆ ವ್ಯಾಪಾರಿಗೆ ಲಾಭ. ಅನಂತರ ಮೊಬೈಲ್ ಬಂದು ಆಟವನ್ನು ಅಂಗೈಯಷ್ಟು ಚಿಕ್ಕದಾಗಿಸಿತು. ಅಂಗೈಯಷ್ಟರ ಪರದೆಯನ್ನು ಇಬ್ಬರು ನೋಡಲಾರರು. ಅಲ್ಲಿಂದಲೇ ಒಂಟಿತನ ಶುರುವಾಯಿತು. ಅದರ ಎದುರು, ನಾಲ್ವರನ್ನು ಒಂದೆಡೆ ಕೂರಿಸುವ ಈ ಹಳೆಯ ಆಟ ರೋಗವಲ್ಲ, ಮದ್ದು. 2021ರಲ್ಲಿ ಬಂದ ‘ಮಾರಿಯೋ ಪಾರ್ಟಿ ಸೂಪರ್‌ಸ್ಟಾರ್ಸ್’ ಎಂಬ ಭಾಗದಲ್ಲಿ ಆ ಕಾಲದ ಹಾಸುಗಳನ್ನೂ ಪುಟ್ಟ ಆಟಗಳನ್ನೂ ಮತ್ತೆ ತಂದಿದ್ದಾರೆ. ನನ್ನ ಮೊಮ್ಮಗ ಊರಿಗೆ ತರಬೇಕೆಂದಿರುವುದು ಅದನ್ನೇ.

1990ರ ದಶಕದ ನನ್ನ ವಿದ್ಯಾರ್ಥಿಗಳು ಇದನ್ನು ಬಲ್ಲರು. ಬೇಸಿಗೆ ರಜೆಯಲ್ಲಿ ನಿಂಟೆಂಡೊದ ನಕಲಿ ಪೆಟ್ಟಿಗೆಯೊಂದನ್ನು ಬಾಡಿಗೆಗೆ ತಂದು, ಲಕ್ಷಾಂತರ ಆಟಗಳಿವೆಯೆಂದು ಸುಳ್ಳು ಬರೆದುಕೊಂಡ ಹಳದಿ ಕ್ಯಾಸೆಟ್ಟನ್ನು ಊದಿ ಊದಿ ತೂರಿಸಿ, ಬೀದಿಯ ಹನ್ನೆರಡು ಹುಡುಗರು ಒಂದು ಮನೆಯಲ್ಲಿ ಸೇರಿ, ಇಬ್ಬರು ‘ಕಾಂಟ್ರಾ’ ಆಡುವಾಗ ಹತ್ತು ಮಂದಿ ಸಲಹೆ ಕೊಡುತ್ತಿದ್ದಿರಿ. ಅಂದು ನೀವು ಕಲಿತದ್ದು ಗುಂಡು ಹಾರಿಸುವುದನ್ನಲ್ಲ, ಸರದಿಗೆ ಕಾಯುವುದನ್ನು.

ಕೊನೆಯದಾಗಿ ದೊಡ್ಡವರ ಮಾತು. ಪ್ರಸ್ತಾಪಿತ ನಿಯಮದಲ್ಲಿ ಮಕ್ಕಳ ಯಂತ್ರ ಅಟ್ಟಕ್ಕೆ ಹೋಗುತ್ತದೆ. ದೊಡ್ಡವರ ಮೊಬೈಲ್ ಮಾತ್ರ ಜೇಬಿನಲ್ಲಿಯೇ ಇರುತ್ತದೆ. ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿಗಳಿಗೆ ತಡೆಯಿಲ್ಲ. ಹೋದ ಸಲದ ಗೃಹಪ್ರವೇಶದಲ್ಲಿ ಹನ್ನೊಂದು ಮಂದಿ ಹಿರಿಯರು ಒಂದೇ ಜಮಖಾನದ ಮೇಲೆ ಕುಳಿತು, ಹನ್ನೊಂದು ಮೊಬೈಲ್‌ಗಳಲ್ಲಿ ಹನ್ನೊಂದು ಬೇರೆ ಬೇರೆ ವಿಡಿಯೋ ನೋಡುತ್ತಿದ್ದುದನ್ನು ನಾನು ಎಣಿಸಿದ್ದೇನೆ. ಮಕ್ಕಳು ನಮ್ಮ ಉಪದೇಶವನ್ನು ಕೇಳುವುದಿಲ್ಲ, ನಮ್ಮನ್ನು ನೋಡುತ್ತಾರೆ. ಬಿ.ಎಡ್. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಮರೆತರೂ ತರಗತಿಯಲ್ಲಿ ದಿನವೂ ಕಂಡ ಈ ಒಂದು ಸತ್ಯವನ್ನು ನಾನು ಮರೆತಿಲ್ಲ.

ಆದುದರಿಂದ ನನ್ನ ಪ್ರತಿಪ್ರಸ್ತಾಪ ಹೀಗಿದೆ. ಯಾವ ಆಟವಾದರೂ ಪಡಸಾಲೆಯಲ್ಲಿ, ಎಲ್ಲರಿಗೂ ಕಾಣುವಂತೆ ನಡೆಯಬೇಕು. ಒಬ್ಬರೇ ಆಡುವ ಆಟ, ಹಣದ ಆಟ ಕೂಡದು. ಸಂಜೆಗೊಂದು ಆಟ, ಇಪ್ಪತ್ತು ಸುತ್ತು, ಅಷ್ಟೇ. ನಾಲ್ವರಲ್ಲಿ ಒಬ್ಬರಾದರೂ ಐವತ್ತು ದಾಟಿದವರಿರಬೇಕು. ಅದಕ್ಕೆ ಮುನ್ನ ಒಂದು ಚೌಕಾಬಾರ. ಅಲ್ಲಿ ನಾಲ್ವರಲ್ಲಿ ಇಬ್ಬರಾದರೂ ಮಕ್ಕಳಿರಬೇಕು. ಮತ್ತು ಆ ಎರಡು ಗಂಟೆಗಳ ಕಾಲ ದೊಡ್ಡವರ ಮೊಬೈಲ್‌ಗಳೆಲ್ಲ ಅಟ್ಟದ ಮೇಲಿರಬೇಕು. ಅಟ್ಟವನ್ನು ಬಳಸಲೇಬೇಕೆಂದರೆ ಹೀಗೆ ಬಳಸೋಣ.

ಹಳೆಯ ವಿದ್ಯಾರ್ಥಿಗಳಿಗೆ ನನ್ನದು ಒಂದೇ ಮಾತು. ನಿಮ್ಮ ಮಕ್ಕಳು ಆಡುತ್ತಿದ್ದರೆ ‘ಸಾಕು ಮಾಡು’ ಎಂದು ಬಾಗಿಲಲ್ಲಿ ನಿಂತು ಕೂಗಬೇಡಿ. ಒಳಗೆ ಹೋಗಿ ಪಕ್ಕದಲ್ಲಿ ಕುಳಿತು ‘ನನಗೊಂದು ಹಿಡಿಕೆ ಕೊಡು’ ಎನ್ನಿರಿ. ಆ ಆಟದಲ್ಲಿ ಎರಡನೆಯವರಿಗೆ ಜಾಗವಿಲ್ಲವೆಂದು ಅವರು ಹೇಳಿದರೆ, ಆಗ ಅದನ್ನು ನಿಲ್ಲಿಸುವ ಹಕ್ಕು ನಿಮಗಿದೆ. ಜಾಗವಿದೆಯೆಂದರೆ ಕುಳಿತುಕೊಳ್ಳಿ, ಸೋಲಿರಿ, ಇನ್ನೊಂದು ಆಟ ಕೇಳಿರಿ.